ಸಂಶೋಧನೆಗೆ ಬೇಕಾದ ಬಿಡುವು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲಿರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದಾಗ ವಿದ್ವಾಂಸರನ್ನೆಲ್ಲ ಬೆರಗುಗೊಳಿಸಿದ ಸಂಗತಿಯೆಂದರೆ ಮೌರ್ಯರ ಆಜ್ಞೆ ಇಷ್ಟು ದೂರದ ದಕ್ಷಿಣಕ್ಕೂ ತಲುಪಿತ್ತೆಂಬುದು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಬಂದ ಆ ರಾಜಾಜ್ಞೆಯಲ್ಲಿ, ಉಪಾಸಕನಾದ ಮೊದಲಲ್ಲಿ ತಾನು ಸಾಕಷ್ಟು ಪ್ರಯತ್ನ ಮಾಡಲಿಲ್ಲವೆಂದು ಚಕ್ರವರ್ತಿ ಒಪ್ಪಿಕೊಳ್ಳುತ್ತಾನೆ. ಪ್ರಯತ್ನದ ಫಲವು ದೊಡ್ಡವರ ಸ್ವತ್ತಲ್ಲ, ದುಡಿದರೆ ಅದು ಸಣ್ಣವರಿಗೂ ದಕ್ಕುವುದೆಂದು ಸಾರುತ್ತಾನೆ. ಸಂಶೋಧನೆಯೆಂಬುದು ಮಹಾನಗರಗಳ ಮಹಾಸಂಸ್ಥೆಗಳ ಕೆಲಸವೆಂದೂ ತಾಲ್ಲೂಕು ಕೇಂದ್ರದ ಕಾಲೇಜಿನ ಅಧ್ಯಾಪಕನಿಗೆ ಪಾಠ, ಪರೀಕ್ಷೆ, ಮೌಲ್ಯಮಾಪನಗಳಿಷ್ಟೇ ಸಾಕೆಂದೂ ನಾವು ತೀರ್ಮಾನಿಸಿಕೊಂಡಿರುವ ಈ ಹೊತ್ತಿನಲ್ಲಿ ಆ ಮಾತನ್ನು ನೆನೆಯುವುದು ಅಪ್ರಸ್ತುತವಾಗಲಾರದು.

ನಮ್ಮ ವಿಶ್ವವಿದ್ಯಾನಿಲಯಗಳ ಅಧ್ಯಾಪಕರು ಸಂಶೋಧನೆಯಲ್ಲಿ ಮನಸ್ಸಿಟ್ಟಿದ್ದಾರೆಯೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ಉತ್ತರ ಅವರ ಶೀಲದ ಕಡೆಗೇ ತಿರುಗುತ್ತದೆ. ಸೋಮಾರಿಗಳು, ಸಂಬಳಕ್ಕೆ ಮಾತ್ರ ದುಡಿಯುವವರು ಎಂಬ ಆಪಾದನೆ ಸುಲಭವಾಗಿ ಹೊರಡುತ್ತದೆ. ಆದರೆ ಕೆಲಸದಲ್ಲಿ ಮನಸ್ಸಿಡುವುದು ಶೀಲವೊಂದರ ಮಾತಲ್ಲ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾನಿಲಯದ ವಿಲ್ಮಾರ್ ಶೌಫೆಲಿಯವರೂ ಅವರ ಸಂಗಡಿಗ ಮನಶ್ಶಾಸ್ತ್ರಜ್ಞರೂ 2002ರಲ್ಲಿ, ಮನುಷ್ಯನು ತನ್ನ ಕೆಲಸದೊಡನೆ ಹೊಂದುವ ನಂಟಿನಲ್ಲಿ ಉತ್ಸಾಹ, ಸಮರ್ಪಣೆ, ತಲ್ಲೀನತೆ ಎಂಬ ಮೂರು ಅಂಶಗಳನ್ನು ಗುರುತಿಸಿದರು. ಈ ಮೂರರಲ್ಲಿ ಉತ್ಸಾಹ, ಸಮರ್ಪಣೆಗಳು ವ್ಯಕ್ತಿಯ ಸ್ವಭಾವದಿಂದ ಬಂದಾವು. ಆದರೆ ತಲ್ಲೀನತೆಗೆ ಅಖಂಡವಾದ ಕಾಲ ಬೇಕು, ಅದನ್ನು ಯಾವ ಅಧ್ಯಾಪಕನೂ ತನ್ನ ಸದ್ಗುಣದಿಂದಲೇ ಸಂಪಾದಿಸಿಕೊಳ್ಳಲಾರನು. ಅದು ಸಂಸ್ಥೆ ಕೊಡಬೇಕಾದದ್ದು.

ಇದೇ ಬ್ರಹ್ಮಗಿರಿಯ ಬುಡದಲ್ಲಿ ಇದಕ್ಕೆ ನಿದರ್ಶನವಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ಎಚ್. ಕೃಷ್ಣ ಅವರು ಸಂಸ್ಥಾನದ ಪ್ರಾಕ್ತನ ವಿಮರ್ಶೆಯ ಇಲಾಖೆಗೂ ನಿರ್ದೇಶಕರಾಗಿದ್ದು, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದ ಮೇಲೆ 1940ರ ಸುಮಾರಿಗೆ ಬ್ರಹ್ಮಗಿರಿಯ ನೆಲವನ್ನು ಅಗೆಯಿಸಿದರು. ತರಗತಿಯಲ್ಲಿ ಬೋಧಿಸುವವನೇ ಅಗೆದ ಗುಂಡಿಯಲ್ಲಿ ನಿಂತು ಮಡಕೆಯ ಚೂರನ್ನೆತ್ತಿ ನೋಡುವಂತೆ ಪೀಠವನ್ನೂ ಕ್ಷೇತ್ರವನ್ನೂ ಒಬ್ಬನ ಕೈಗೇ ಒಪ್ಪಿಸಿದ್ದ ಆ ಏರ್ಪಾಡಿನ ವಿವೇಕವನ್ನು ನಾವು ಸಾಕಷ್ಟು ಗಮನಿಸಿಲ್ಲ. ಅನಂತರ 1947ರಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಅವರು ಅದೇ ನೆಲಕ್ಕೆ ಬಂದು, ಕಲ್ಲುಕೊಡಲಿಯ ಜನರು, ಬೃಹತ್‌ಶಿಲಾ ಸಮಾಧಿಗಳನ್ನು ಕಟ್ಟಿದವರು, ಆಂಧ್ರ ಸಂಸ್ಕೃತಿಯವರು ಎಂದು ಒಂದರ ಮೇಲೊಂದು ಕುಳಿತ ಮೂರು ಸ್ತರಗಳನ್ನು ಕ್ರಮವಾಗಿ ಬಿಡಿಸಿ ತೋರಿಸಿದರು. ತಾವು ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ 1945ರಲ್ಲಿ ಕಂಡಿದ್ದ ಬಗೆಯದೇ ಮಡಕೆಗಳ ಆಧಾರದಿಂದ ಮೇಲಿನ ಸ್ತರದ ಕಾಲವನ್ನು ನಿರ್ಣಯಿಸಿದರು. ಅವರು ಕೆಳಗಿನ ಸ್ತರಕ್ಕೆ ಕೊಟ್ಟ ಕಾಲ ತೀರ ಈಚಿನದೆಂದು ಉತ್ನೂರು, ಹಳ್ಳೂರುಗಳ ಉತ್ಖನನಗಳೂ ಇಂಗಾಲದ ಕಾಲಗಣನೆಯೂ ಮುಂದೆ ತೋರಿಸಿಕೊಟ್ಟವು. ಒಬ್ಬರು ತೋಡಿದ್ದನ್ನು ಇನ್ನೊಬ್ಬರು ಮುಂದುವರಿಸಿ, ಮತ್ತೊಬ್ಬರು ತಿದ್ದಿ ಹೀಗೆ ದಶಕಗಳ ಮೇಲೆ ನಡೆಯುವ ಕೆಲಸವನ್ನು ವರ್ಷಾಂತ್ಯದ ನಮೂನೆಯೊಂದರಲ್ಲಿ ಅಂಕಗಳಾಗಿ ತುಂಬಬಹುದೆಂದು ಭಾವಿಸುವುದೇ ವಿಪರೀತವಾದದ್ದು.

ಆದರೂ ನಾವು ಹಾಗೆಯೇ ಭಾವಿಸಿದೆವು. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2010ರಲ್ಲಿ ಅಧ್ಯಾಪಕರ ಸಾಧನೆಗೆ ಅಂಕಸೂಚಿಯನ್ನು ವಿಧಿಸಿದಂದಿನಿಂದ ಲೇಖನಗಳ ಎಣಿಕೆಯೇ ಸಂಶೋಧನೆಯೆನಿಸಿತು. ಹಣ ತೆತ್ತರೆ ಏನನ್ನಾದರೂ ಅಚ್ಚುಹಾಕಿಕೊಡುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದುವು. ಅವುಗಳನ್ನು ಸೋಸಲೆಂದು ಮುಂದೆ ಒಂದು ಅಧಿಕೃತ ಪಟ್ಟಿ ಬಂತು, 2025ರಲ್ಲಿ ಅದೂ ಹೋಯಿತು. ಪಿಎಚ್.ಡಿ. ಪ್ರಬಂಧವನ್ನು ಒಪ್ಪಿಸುವ ಮುನ್ನ ಲೇಖನ ಪ್ರಕಟವಾಗಿರಬೇಕೆಂಬ ಕಡ್ಡಾಯವನ್ನು 2022ರಲ್ಲಿ ತೆಗೆದುಹಾಕಿದ್ದು ಒಳ್ಳೆಯ ಕೆಲಸವೇ. ಆದರೆ ಎಣಿಸುವ ಅಭ್ಯಾಸ ಮಾತ್ರ ಹೋಗಿಲ್ಲ.

ಎಣಿಕೆಗೆ ಸಿಗದ ವಿದ್ವತ್ತೂ ಉಂಟು. ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ. ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದರು. ಬರೆದದ್ದು ಮಿತ, ಓದಿದ್ದು ಅಮಿತ. ಸಹೋದ್ಯೋಗಿಗಳ ಜತೆ ಹಳೆಯ ಕಾವ್ಯಗಳನ್ನು ಪರಿಷ್ಕರಿಸುವುದರಲ್ಲಿಯೂ ಶಿಷ್ಯರನ್ನು ಬೆಳೆಸುವುದರಲ್ಲಿಯೂ ಅವರ ಆಯುಷ್ಯ ಸಂದಿತು. ಆ ಶಿಷ್ಯರಲ್ಲೊಬ್ಬರಾದ ಕುವೆಂಪು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುಗಳಿಗೆ. ಈಗಿನ ಯಾವ ಅಂಕಸೂಚಿ ಆ ಋಣವನ್ನು ಲೆಕ್ಕಕ್ಕೆ ಹಿಡಿದೀತು?

ಇಂದು ಚಳ್ಳಕೆರೆ, ಮೊಳಕಾಲ್ಮೂರುಗಳ ಸರ್ಕಾರಿ ಪದವಿ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ ಸೇರಿವೆ. ಆಯೋಗದ ನಿಯಮದಂತೆ ಸಹಾಯಕ ಪ್ರಾಧ್ಯಾಪಕನು ವಾರಕ್ಕೆ 16 ಗಂಟೆ ಪಾಠ ಹೇಳಬೇಕು. ಅದರ ಹೊರಗಣ ಪ್ರವೇಶಾತಿ, ವಿದ್ಯಾರ್ಥಿವೇತನ, ನ್ಯಾಕ್ ಮಾನ್ಯತೆಯ ಕಡತಗಳು, ಚುನಾವಣಾ ಕರ್ತವ್ಯ ಇವು ಲೆಕ್ಕಕ್ಕೆ ಸಿಗುವುದಿಲ್ಲ. ಅತಿಥಿ ಉಪನ್ಯಾಸಕರ ಪಾಡಂತೂ ಹೇಳತೀರದು: ರಾಜ್ಯದ ಪದವಿ ಕಾಲೇಜುಗಳ ಪಾಠದ ಬಹುಭಾಗವನ್ನು ಹೊತ್ತಿರುವ ಇವರು ವರ್ಷವರ್ಷವೂ ಹೊಸದಾಗಿ ಆಯ್ಕೆಗೆ ಕಾಯುತ್ತಾರೆ, ಬರುವ ವರ್ಷ ಯಾವ ಊರಿನಲ್ಲಿರುವೆವೆಂಬುದನ್ನೂ ಅರಿಯರು. ಹತ್ತು ವರ್ಷದ ಪ್ರಶ್ನೆಯೊಂದನ್ನು ಕೈಗೆತ್ತಿಕೊಳ್ಳೆಂದು ಅವರಿಗೆ ಯಾವ ಮುಖದಿಂದ ಹೇಳೋಣ?

ಕೈಗೆತ್ತಿಕೊಳ್ಳಬೇಕಾದ ಪ್ರಶ್ನೆಗಳಿಗೇನೋ ಈ ಸೀಮೆಯಲ್ಲಿ ಬರವಿಲ್ಲ. ಮಳೆಯನ್ನೇ ನಂಬಿದ ಶೇಂಗಾ ಬೆಳೆ, ಅದನ್ನಾಧರಿಸಿ ಚಳ್ಳಕೆರೆಯನ್ನು ಎಣ್ಣೆಯ ಊರೆನಿಸಿದ ಮಿಲ್ಲುಗಳು, ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗಗಳು, ಮ್ಯಾಸಬೇಡರ ದೇವರ ಎತ್ತುಗಳು, ಅವುಗಳನ್ನು ಕಾಯುವ ಕಿಲಾರಿಗಳು, ಕಾಡುಗೊಲ್ಲರ ಹಟ್ಟಿಗಳ ಹಾಡು ಇವೆಲ್ಲ ವಿದ್ವಾಂಸರ ಕಣ್ಣಿಗಾಗಿ ಕಾದಿವೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಸಾವಿರಾರು ಪದಗಳನ್ನು ಕಂಠದಲ್ಲಿ ಹೊತ್ತಿದ್ದ ಆ ತಾಯಿಯ ಬಳಿ ಕುಳಿತು ಅವನ್ನು ಬರೆದುಕೊಂಡು ಪ್ರಕಟಿಸಿದವರು ಅಧ್ಯಾಪಕವೃತ್ತಿಯ ಕೃಷ್ಣಮೂರ್ತಿ ಹನೂರರು, ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾನಿಲಯ ಸಿರಿಯಜ್ಜಿಗೆ ನಾಡೋಜ ಗೌರವವನ್ನಿತ್ತಿತು. ಅಂಥ ಕೆಲಸ ಭಾನುವಾರದ ಬಿಡುವಿನಲ್ಲಿ ಆಗುವಂಥದಲ್ಲ. ಹಾಡುವವರಿಗೆ ಮನಸ್ಸು ಬಂದ ಹೊತ್ತಿಗೆ ಕೇಳುವವನು ಅಲ್ಲಿರಬೇಕು.

ಚಳ್ಳಕೆರೆಯ ಬಳಿಯ ಕುದಾಪುರದಲ್ಲಿ ಸುಮಾರು 1,500 ಎಕರೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅದು ಅಮೃತಮಹಲ್ ಕಾವಲಿನ ನೆಲ, ಸುತ್ತಣ ಹಳ್ಳಿಗಳ ದನಕುರಿಗಳು ಮೇಯುತ್ತಿದ್ದ ಹುಲ್ಲುಗಾವಲು. ದನಕುರಿ ಮೇಯಿಸುವ ಹಕ್ಕಿಗಾಗಿ ಗ್ರಾಮಸ್ಥರ ದೂರು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. ನೆಲವನ್ನು ಕಳೆದುಕೊಂಡವರ ಮಕ್ಕಳಿಗೆ ಪಾಠ ಹೇಳುವ ಅಧ್ಯಾಪಕರಿಗಾದರೂ ಅಲ್ಲಿಯ ಗ್ರಂಥಾಲಯ, ಪ್ರಯೋಗಾಲಯಗಳ ಬಾಗಿಲು ತೆರೆದಿರಬೇಕೆಂದು ಕೇಳುವುದು ಅತಿಯಾಸೆಯಲ್ಲ. ವಿಜ್ಞಾನದ ಶಿಕ್ಷಕರಿಗೆ ಅಲ್ಲಿನ ಪ್ರತಿಭಾ ವಿಕಾಸ ಕೇಂದ್ರವು ವರ್ಷಗಳಿಂದ ತರಬೇತಿ ಕೊಡುತ್ತಿದೆ. ತರಬೇತಿಗೆ ಬಂದವರು ಒಂದು ಪ್ರಶ್ನೆಯನ್ನು ಹಿಡಿದು ಮತ್ತೆ ಮತ್ತೆ ಬರುವಂತಾಗುವುದು ಮುಂದಿನ ಹೆಜ್ಜೆ.

ದಾವಣಗೆರೆ ವಿಶ್ವವಿದ್ಯಾನಿಲಯವೂ ಕಾಲೇಜು ಶಿಕ್ಷಣ ಇಲಾಖೆಯೂ ಕೂಡಿ ಮಾಡಬೇಕಾದದ್ದು ದೊಡ್ಡದಲ್ಲ. ಈ ಎರಡು ತಾಲ್ಲೂಕುಗಳ ಕಾಲೇಜುಗಳಲ್ಲಿ ಪ್ರತಿವರ್ಷ ಒಬ್ಬಿಬ್ಬರು ಅಧ್ಯಾಪಕರಿಗೆ, ಅತಿಥಿ ಉಪನ್ಯಾಸಕರೂ ಸೇರಿ, ಒಂದು ಸೆಮಿಸ್ಟರಿನ ಪಾಠವನ್ನು ಬಿಡಿಸಿ ವೇತನ ಕಡಿಯದೆ ಕ್ಷೇತ್ರಕ್ಕೆ ಕಳುಹಿಸಲಿ. ಆಮೇಲೆ ಎಷ್ಟು ಲೇಖನ ಎಂದು ಕೇಳದೆ, ಕಂಡದ್ದನ್ನು ಕನ್ನಡದಲ್ಲಿ ಬರೆಯಿಸಿ ತಾಲ್ಲೂಕಿನ ಗ್ರಂಥಾಲಯದಲ್ಲಿರಿಸಲಿ, ಹಟ್ಟಿಯಲ್ಲಿಯೋ ಮಗ್ಗದ ಮನೆಯಲ್ಲಿಯೋ ಓದಿ ತೋರಿಸಲಿ. ಕೆಲವರು ಆ ಬಿಡುವನ್ನು ವ್ಯರ್ಥ ಮಾಡುವರೆಂಬ ಶಂಕೆ ನಿಜವಿರಬಹುದು. ಆದರೆ ಅಂಕಕ್ಕಾಗಿ ಹಣ ತೆತ್ತು ಅಚ್ಚು ಮಾಡಿಸಿದ ಲೇಖನಗಳ ಮೇಲೆ ಈಗಾಗಲೇ ವ್ಯರ್ಥವಾಗಿರುವ ಕಾಲದ ಮುಂದೆ ಆ ನಷ್ಟ ಅಲ್ಪ, ಮತ್ತು ಒಬ್ಬನು ಕೆಲಸ ಮಾಡಿದನೋ ಇಲ್ಲವೋ ಎಂಬುದನ್ನು ಅವನ ಬರಹವನ್ನು ಓದಿಸಿ ಕೇಳಿದ ಹಟ್ಟಿಯ ಹಿರಿಯರು ಯಾವ ಸಮಿತಿಗಿಂತಲೂ ಬೇಗ ಹೇಳಬಲ್ಲರು.