ಮಾಳಿಗೆ ಮೇಲಿನ ಹಳೆ ವೈರ್

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಯಾವ ಊರಿನ ಮಾಳಿಗೆ ಹತ್ತಿದರೂ ಕೆಲಸಕ್ಕೆ ಬಾರದ ವೈರ್ ಕಾಲಿಗೆ ತೊಡರುತ್ತದೆ. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾದಾಗ ಅದು ಬಂದದ್ದು ಲ್ಯಾಂಡ್‌ಲೈನಿನ ತಾಮ್ರದ ತಂತಿಯಲ್ಲೇ. ಆಮೇಲೆ ಕೇಬಲ್‌ನವರ ದಪ್ಪ ಕರಿ ವೈರ್, ಈಗ ಫೈಬರ್. ಹೊಸದು ಹಾಕಿದವರು ಹಳೆಯದನ್ನು ಬಿಚ್ಚಿಕೊಂಡು ಹೋಗುವುದು ಅಪರೂಪ.

ಬಿದ್ದಿದ್ದರೆ ಬಿದ್ದಿರಲಿ ಎನ್ನುವಂತಿಲ್ಲ. ಬಿಸಿಲುಗಾಲದ ಗುಡುಗು ಮಳೆಯಲ್ಲಿ ಸಿಡಿಲು ಮನೆಗೇ ಬಡಿಯಬೇಕಿಲ್ಲ. ಹತ್ತಿರ ಬಿದ್ದರೂ ಉದ್ದನೆಯ ಲೋಹದ ತಂತಿಯಲ್ಲಿ ಕ್ಷಣಮಾತ್ರ ಭಾರಿ ವೋಲ್ಟೇಜ್ ಹುಟ್ಟಿ, ವೈರಿನ ಜೊತೆಗೇ ಒಳಗೆ ಬರುತ್ತದೆ. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು. ಆದರೆ ಬಿಗಿದು ಕಟ್ಟಲೆಂದು ಅದರ ಪಕ್ಕದಲ್ಲಿ ಬಹಳ ಸಲ ಉಕ್ಕಿನ ತಂತಿ ಇರುತ್ತದೆ, ಅದರಲ್ಲಿ ಹರಿಯುತ್ತದೆ.

ಹಾಗೆಂದು ನೀವೇ ಹಿಡಿದು ಜಗ್ಗಬೇಡಿ. ಇಂಥ ವೈರುಗಳನ್ನು ಜೆಸ್ಕಾಂನ ಕರೆಂಟ್ ಕಂಬಕ್ಕೇ ಸುತ್ತಿರುವುದುಂಟು. ಜಗ್ಗುವಾಗ ಕರೆಂಟಿನ ತಂತಿಗೆ ತಾಗಿದರೆ ಜೀವವೇ ಹೋದೀತು. ಕಂಬದ ತುದಿಯನ್ನು ವೈರ್ ಹಾಕಿದ ಕಂಪನಿಯವರಿಂದಲೇ ಬಿಚ್ಚಿಸಿ. ಫೋನ್ ಇನ್ನೂ ಅದೇ ತಾಮ್ರದ ಮೇಲೆ ನಡೆಯುತ್ತಿದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ಮನೆಯೊಳಗಿನ ವೈರ್ ಮಾತ್ರ ಬೇರೆ ಮಾತು. ಅದನ್ನು ಕೀಳಲು ಅವಸರ ಬೇಡ. ಪೈಪಿನಲ್ಲಿ ಸಡಿಲವಾಗಿದ್ದರೆ, ಹೊಸ ವೈರನ್ನು ಅದರ ತುದಿಗೆ ಕಟ್ಟಿ ಆ ಕಡೆಯಿಂದ ಎಳೆದುಕೊಳ್ಳಬಹುದು. ಶಹಾಬಾದಿ ಕಲ್ಲಿನ ಗೋಡೆಗೆ ಇನ್ನೊಂದು ತೂತು ತಪ್ಪುತ್ತದೆ. ಎಂಟು ಎಳೆಗಳ ಲ್ಯಾನ್ ಕೇಬಲ್ ಇದ್ದರಂತೂ ಬಿಡಲೇಬೇಡಿ. ದಪ್ಪ ಕಲ್ಲಿನ ಗೋಡೆ ದಾಟುವಷ್ಟರಲ್ಲಿ ವೈಫೈ ಸೊರಗುತ್ತದೆ, ಈ ಕೇಬಲ್ 100 ಮೀಟರ್‌ವರೆಗೆ ಇಂಟರ್ನೆಟ್ಟನ್ನು ಸರಾಗವಾಗಿ ಒಯ್ಯುತ್ತದೆ. ಫೈಬರ್ ತುಂಡು ಮಾಡಿದರೆ ತುದಿಗೆ ಟೇಪ್ ಸುತ್ತಿ. ಕೂದಲಿನಷ್ಟು ಸಣ್ಣ ಗಾಜಿನ ಚೂರು ಬೆರಳಿಗೆ ಚುಚ್ಚಿದರೆ ಕಣ್ಣಿಗೂ ಕಾಣದು.

ಮೋಡೆಮ್ ಕಂಪನಿಯದಾದರೆ ಮರಳಿಸಿ ರಸೀದಿ ಪಡೆಯಿರಿ. ನಿಮ್ಮದೇ ಆಗಿದ್ದರೆ ಅದು ಇ-ತ್ಯಾಜ್ಯ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು.

ಉಳಿದ ವೈರ್ ಭಂಗಾರಕ್ಕೆ ಹೋಗುತ್ತದೆ, ನನ್ನ ಚಿಂತೆಯೂ ಅಲ್ಲೇ. ತಾಮ್ರ ಬಿಡಿಸಲು ಬೆಂಕಿ ಹಚ್ಚಿದರೆ ಪಿವಿಸಿ ಹೊದಿಕೆಯಿಂದ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್‌ನಂಥ ವಿಷ ಹೊರಡುತ್ತದೆ. ಅಷ್ಟು ಮಾಡಿಯೂ ಟಿವಿ ಕೇಬಲ್‌ನ ನಡುವಿನ ತಂತಿ ಎಷ್ಟೋ ಸಲ ತಾಮ್ರ ಲೇಪಿಸಿದ ಉಕ್ಕು ಮಾತ್ರ. ಭಂಗಾರದವರಿಗೆ ಕೊಡುವಾಗ, ಸುಡಬೇಡಿ, ಹೊದಿಕೆ ಸುಲಿದು ತೆಗೆಯಿರಿ ಎಂದು ಬಾಯಿಬಿಟ್ಟು ಹೇಳಿ. ಆ ಹೊಗೆ ಮೊದಲು ಕುಡಿಯುವವರು ಅವರೇ.