ಸಹಪಾಠಿಗಳ ಕುಶಲವಾರ್ತೆ



ಕಾಲೇಜು ಬಿಟ್ಟು ನಾಲ್ಕು ದಶಕಗಳು ಕಳೆದ ಮೇಲೆ ಹಳೆಯ ಸಹಪಾಠಿಗಳನ್ನು ಹುಡುಕಿ ಒಂದೆಡೆ ಸೇರಿಸುವ ಹಂಬಲ ಅನೇಕರಲ್ಲಿ ಮೂಡುತ್ತದೆ. ನೌಕರಿಯ ಒತ್ತಡ ತೀರಿರುತ್ತದೆ, ಮಕ್ಕಳ ಮದುವೆಗಳು ಮುಗಿದಿರುತ್ತವೆ. ಮನಸ್ಸು ತಾನಾಗಿಯೇ ಹಿಂದಕ್ಕೆ ಹೊರಳುತ್ತದೆ. ಒಬ್ಬೊಬ್ಬರೂ ತಮ್ಮ ಕುಶಲವಾರ್ತೆಯನ್ನು ನಾಲ್ಕು ಸಾಲುಗಳಲ್ಲಿ ಬರೆದು ತಿಳಿಸುತ್ತಾರೆ. ಇಂಥ ಹುದ್ದೆಯಿಂದ ನಿವೃತ್ತನಾದೆ, ಮಗ ಅಮೆರಿಕದಲ್ಲಿದ್ದಾನೆ, ಮಗಳು ಬೆಂಗಳೂರಿನಲ್ಲಿದ್ದಾಳೆ, ಇಬ್ಬರು ಮೊಮ್ಮಕ್ಕಳು, ಎಲ್ಲರೂ ಕ್ಷೇಮ. ಓದಲು ಸಂತೋಷವೇ ಸರಿ. ಆದರೆ ಈ ನಾಲ್ಕು ಸಾಲುಗಳನ್ನೂ ಬರೆಯದೆ ಮೌನವಾಗಿರುವವರು ಯಾರು, ಅವರ ಮೌನಕ್ಕೆ ಕಾರಣವೇನು ಎಂಬುದನ್ನು ನಾವು ವಿಚಾರಿಸುವುದೇ ಇಲ್ಲ.

೧೯೭೮ರ ಸುಮಾರಿಗೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿಯೋ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿಯೋ ಪದವಿ ಪಡೆದವರನ್ನು ನೆನೆಯೋಣ. ಒಂದೇ ಬೆಂಚಿನ ಮೇಲೆ ಕುಳಿತ ಮೂವರಲ್ಲಿ ಒಬ್ಬರು ಸರ್ಕಾರಿ ನೌಕರಿ ಹಿಡಿದರು, ಇನ್ನೊಬ್ಬರು ಬ್ಯಾಂಕು ಸೇರಿದರು, ಮತ್ತೊಬ್ಬರು ಬೆಂಗಳೂರಿನ ಕಾರ್ಖಾನೆಗೆ ಹೋದರು. ಅಂದು ಮೂರೂ ಭದ್ರವಾದ ಉದ್ಯೋಗಗಳೇ. ಎನ್.ಜಿ.ಇ.ಎಫ್. ಅಥವಾ ಎಚ್.ಎಂ.ಟಿ.ಯಲ್ಲಿ ಕೆಲಸ ಸಿಕ್ಕಿತೆಂದರೆ ಕನ್ಯೆ ಕೊಡುವವರು ತಾವಾಗಿಯೇ ಮನೆಗೆ ಬರುತ್ತಿದ್ದ ಕಾಲವದು.

ಮುಂದೆ ಕಾಲಚಕ್ರ ಉರುಳಿತು. ಎನ್.ಜಿ.ಇ.ಎಫ್. ೨೦೦೨ರಲ್ಲಿ ಬಾಗಿಲು ಮುಚ್ಚಿತು. ಎಚ್.ಎಂ.ಟಿ. ಕೈಗಡಿಯಾರದ ಘಟಕಗಳನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ ೨೦೧೬ರಲ್ಲಿ ಕೈಗೊಂಡಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ೨೦೧೭ರಲ್ಲಿ, ವಿಜಯಾ ಬ್ಯಾಂಕ್ ೨೦೧೯ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ೨೦೨೦ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನಗೊಂಡವು. ಬ್ಯಾಂಕಿನವರಿಗೆ ಬದಲಾದುದು ನಾಮಫಲಕ ಮಾತ್ರ, ಪಿಂಚಣಿ ನಿಲ್ಲಲಿಲ್ಲ. ಕಾರ್ಖಾನೆಯವರಿಗೆ ಬದಲಾದುದು ಬದುಕೇ.

ಸರ್ಕಾರಿ ನೌಕರಿಯಲ್ಲಿದ್ದವರ ನಿವೃತ್ತಿಯ ವಯಸ್ಸನ್ನು ನಮ್ಮ ರಾಜ್ಯದಲ್ಲಿ ೨೦೦೮ರಲ್ಲಿ ೫೮ರಿಂದ ೬೦ಕ್ಕೆ ಏರಿಸಲಾಯಿತು. ಪೂರ್ಣ ಸೇವೆ ಸಲ್ಲಿಸಿದವರಿಗೆ ಕೊನೆಯ ಮೂಲವೇತನದ ಅರ್ಧದಷ್ಟು ಪಿಂಚಣಿಯುಂಟು, ಅದರ ಮೇಲೆ ತುಟ್ಟಿಭತ್ಯೆಯೂ ಉಂಟು. ಕಾರ್ಖಾನೆಯ ಗೆಳೆಯರಿಗಿರುವುದು ೧೯೯೫ರ ನೌಕರರ ಪಿಂಚಣಿ ಯೋಜನೆ. ಅದರ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ ೧,೦೦೦ ರೂಪಾಯಿ ಎಂದು ನಿಗದಿಪಡಿಸಿದ್ದು ೨೦೧೪ರಲ್ಲಿ, ಅದಕ್ಕೆ ತುಟ್ಟಿಭತ್ಯೆಯಿಲ್ಲ. ಒಂದೇ ಬೆಂಚು, ಸರಿಸಮಾನ ಅಂಕಗಳು. ಮುಪ್ಪಿನಲ್ಲಿ ಮಾತ್ರ ಅಜಗಜಾಂತರ. ಇದರಲ್ಲಿ ಒಬ್ಬರ ಜಾಣತನವೂ ಇಲ್ಲ, ಮತ್ತೊಬ್ಬರ ದಡ್ಡತನವೂ ಇಲ್ಲ.

ಹೀಗಿರುವಾಗ ಸಹಪಾಠಿಗಳ ಸಮ್ಮಿಲನವನ್ನು ದೊಡ್ಡ ರೆಸಾರ್ಟಿನಲ್ಲಿ ಏರ್ಪಡಿಸಿ, ತಲೆಗೆ ಐದು ಸಾವಿರ ವಂತಿಗೆಯೆಂದು ಗೊತ್ತುಮಾಡಿದರೆ, ಕೆಲವರು ಮೊಣಕಾಲು ನೋವಿನ ನೆಪ ಹೇಳಿ ಮನೆಯಲ್ಲಿಯೇ ಉಳಿಯುತ್ತಾರೆ. ನೆಪವನ್ನು ನಾವು ನಂಬಿಬಿಡುತ್ತೇವೆ. ಅದೇ ಕೂಟವನ್ನು ಓದಿದ ಕಾಲೇಜಿನ ಅಂಗಳದಲ್ಲಿಯೇ, ರೊಟ್ಟಿ ಪಲ್ಯದ ಊಟದೊಡನೆ ನಡೆಸಿದರೆ ಯಾರ ಮರ್ಯಾದೆಗೂ ಕುಂದಿಲ್ಲ, ಬರಲಾರದವರೂ ಬಂದಾರು.

ಮರೆತುಹೋಗುವ ಇನ್ನೊಂದು ವರ್ಗ ನಮ್ಮೊಡನೆ ಓದಿದ ಸಹೋದರಿಯರದು. ಮದುವೆಯಾದೊಡನೆ ಅವರ ಅಡ್ಡಹೆಸರು ಬದಲಾಯಿತು, ಊರು ಬದಲಾಯಿತು. ಹಾಜರಿ ಪುಸ್ತಕದ ಹೆಸರು ಹಿಡಿದು ಹುಡುಕಿದರೆ ಅವರು ಸಿಗಲಾರರು. ತವರಿನವರನ್ನು ಕೇಳಿಯಾದರೂ ಅವರನ್ನು ಪಟ್ಟಿಗೆ ಸೇರಿಸಿಕೊಳ್ಳುವುದು ಕರ್ತವ್ಯ.

ಸಹಪಾಠಿಗಳಿಂದ ಆಗುವ ಉಪಕಾರ ಎಂಥದೆಂಬುದಕ್ಕೆ ನಾವು ಬಲ್ಲ ಒಂದು ಬಳಗದ ಉದಾಹರಣೆ ಸಾಕು. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ಗೆಳೆಯರೊಬ್ಬರು ತೀರಿಕೊಂಡರು. ಗಂಡನ ಪಿಂಚಣಿ ನಿಂತೊಡನೆ ಎಲ್ಲವೂ ಮುಗಿಯಿತೆಂದೇ ಅವರ ಪತ್ನಿ ತಿಳಿದಿದ್ದರು. ಸಂತಾಪ ಹೇಳಲು ಹೋದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಅದೇ ಬೆಂಚಿನವರು, ಕಾಗದಪತ್ರಗಳನ್ನು ನೋಡಿದರು. ವಿಧವಾ ಪಿಂಚಣಿಗೆ ೧೦-ಡಿ ನಮೂನೆಯನ್ನು ತಾವೇ ತುಂಬಿ, ಮರಣ ಪತ್ರವನ್ನು ಲಗತ್ತಿಸಿ, ಭವಿಷ್ಯನಿಧಿ ಕಚೇರಿಗೆ ಆ ತಾಯಿಯನ್ನು ಕರೆದೊಯ್ದರು. ಬಂದ ಹಣ ಅಲ್ಪವೇ. ಆದರೆ ಔಷಧದ ಖರ್ಚಿಗೆ ಮಗನ ಮುಂದೆ ಕೈಚಾಚುವ ಪ್ರಸಂಗ ಆಕೆಗೆ ತಪ್ಪಿತು.

ಆದುದರಿಂದ ಸಹಪಾಠಿಗಳ ಪಟ್ಟಿ ಮಾಡುವವರು ಹುದ್ದೆ ಬಿರುದುಗಳ ಜೊತೆಗೆ ಮನೆಯಾಕೆಯ ಅಥವಾ ಮನೆಯವರ ಹೆಸರು, ಅವರ ದೂರವಾಣಿ, ಹತ್ತಿರದಲ್ಲಿರುವ ಒಬ್ಬ ಸಹಪಾಠಿಯ ಹೆಸರು, ಇಷ್ಟನ್ನೂ ಬರೆದಿಡಲಿ. ಪಿಂಚಣಿಯ ಆದೇಶಪತ್ರ ಎಲ್ಲಿದೆ, ಬ್ಯಾಂಕ್ ಖಾತೆಗೆ ನಾಮನಿರ್ದೇಶನ ಆಗಿದೆಯೇ ಎಂಬುದನ್ನು ದಂಪತಿಗಳಿಬ್ಬರೂ ಬಲ್ಲವರಾಗಿರಲಿ. ಉತ್ತರ ಬಾರದ ಹೆಸರಿನ ಮುಂದೆ ಗೆರೆ ಎಳೆಯುವ ಮೊದಲು ಯಾರಾದರೊಬ್ಬರು ಆ ಊರಿಗೆ ಹೋಗಿ ಬಾಗಿಲು ತಟ್ಟಲಿ. ಕುಶಲವಾರ್ತೆ ಕೇಳಬೇಕಾದುದು ಮೊದಲು ಅಲ್ಲಿ.