ನಮ್ಮ ಲ್ಯಾಬಿಗೊಂದು ಸ್ಟಾರ್ಟ್ ಆಗದ ಅಂಬಾಸಿಡರ್ ಬೇಕು

ನಮ್ಮ ಲ್ಯಾಬಿನ ಎಂಜಿನ್‌ಗಳೆಲ್ಲ ತುಂಬಾ ಒಳ್ಳೆಯವು. ಹೇಳಿದ ಹಾಗೆ ಓಡುತ್ತವೆ, ರೀಡಿಂಗ್ ಕೊಡುತ್ತವೆ. ಆ ರೀಡಿಂಗ್ ಸೀನಿಯರ್‌ಗಳ ರೆಕಾರ್ಡ್ ಬುಕ್ಕಿನಲ್ಲಿ ಮೊದಲೇ ಇರುತ್ತೆ! ಉತ್ತರ ಗೊತ್ತಿರೋ ಪ್ರಶ್ನೆಯನ್ನೇ ವರ್ಷಾ ವರ್ಷಾ ಬಿಡಿಸೋದರಿಂದ ನಾವು ಕಲಿಯೋದೇನು? ಅದಕ್ಕೇ ನಮ್ಮದೊಂದು ಬೇಡಿಕೆ: ಕ್ಯಾಂಪಸ್ಸಿಗೆ ಸ್ಟಾರ್ಟ್ ಆಗದ ಒಂದು ಹಳೇ ಪೆಟ್ರೋಲ್ ಅಂಬಾಸಿಡರ್ ತರಿಸಿ.

ತಮಾಷೆ ಅಲ್ಲ. 2014ರಲ್ಲಿ ತಯಾರಿಕೆ ನಿಂತ ಈ ಕಾರಿನ ಹಳೇ ಮಾಡೆಲ್‌ಗಳಲ್ಲಿ ಕಂಪ್ಯೂಟರೂ ಇಲ್ಲ, ಸೆನ್ಸರೂ ಇಲ್ಲ. ಬಾನೆಟ್ ಎತ್ತಿದರೆ ಬ್ಯಾಟರಿ, ಕಾಯಿಲ್, ಡಿಸ್ಟ್ರಿಬ್ಯೂಟರ್, ಕಾರ್ಬುರೇಟರ್ ಎಲ್ಲ ಕಣ್ಣೆದುರಿಗೇ ಇರುತ್ತವೆ. ಕೆಟ್ಟಿರೋದು ಯಾವುದು ಅಂತ ಮಾತ್ರ ಕಾರು ತಾನಾಗಿ ಹೇಳಲ್ಲ, ನಾವೇ ಕೇಳಬೇಕು.

ಕೇಳೋದಕ್ಕೂ ಒಂದು ಕ್ರಮ ಇದೆ. ಮೊದಲನೇ ಪ್ರಶ್ನೆ: ಎಂಜಿನ್ ತಿರುಗ್ತಿದೆಯಾ? ಬರೀ ‘ಟಕ್’ ಅಂದು ಸುಮ್ಮನಾದರೆ, ಹೆಡ್‌ಲೈಟ್ ಹಾಕಿಕೊಂಡು ಮತ್ತೆ ಕೀ ತಿರುಗಿಸಿ. ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ ಇಳಿದಿರಬಹುದು, ಇಲ್ಲಾ ಟರ್ಮಿನಲ್ ಕಿಲುಬು ಹಿಡಿದಿರಬಹುದು. ಹಾಗೇ ಉರಿಯುತ್ತಿದ್ದರೆ ಅನುಮಾನ ಸ್ಟಾರ್ಟರ್ ಕಡೆಗೆ.

ಚೆನ್ನಾಗಿ ತಿರುಗಿಯೂ ಎಂಜಿನ್ ಹಿಡ್ಕೋತಿಲ್ವಾ? ಎರಡನೇ ಪ್ರಶ್ನೆ: ಸ್ಪಾರ್ಕ್ ಬರ್ತಿದೆಯಾ? ಪೆಟ್ರೋಲ್ ಸೋರ್ತಿಲ್ಲ ಅಂತ ಮೊದಲು ನೋಡ್ಕೊಂಡು, ಬೇರೊಂದು ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಎಂಜಿನ್ನಿಗೆ ತಾಗೋ ಹಾಗೆ ಇಟ್ಟು, ಕೈ ದೂರ ಇರಿಸಿ ಕೀ ತಿರುಗಿಸಬೇಕು. ಸ್ಪಾರ್ಕ್ ಇಲ್ಲದಿದ್ದರೆ ಕಾಯಿಲ್‌ನಿಂದ ಬರೋ ದಪ್ಪ ವೈರಿನಲ್ಲಿ ಅದೇ ಪರೀಕ್ಷೆ. ಅಲ್ಲಿ ಇದೆ, ಪ್ಲಗ್ಗಿಗೆ ಬರ್ತಿಲ್ಲ ಅಂದ್ರೆ ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್ ಅಥವಾ ಪ್ಲಗ್ ವೈರ್ ತಪ್ಪಿತಸ್ಥ. ಅಲ್ಲೂ ಇಲ್ಲ ಅಂದ್ರೆ ಕಾಂಟ್ಯಾಕ್ಟ್ ಪಾಯಿಂಟ್, ಕಂಡೆನ್ಸರ್, ಕಾಯಿಲ್ ನೋಡಬೇಕು. ಪಾಯಿಂಟ್‌ಗಳ ನಡುವೆ ಇರಬೇಕಾದ ಸಂದು ಸುಮಾರು 0.4 ಮಿ.ಮೀ. ಅಷ್ಟು ಸಣ್ಣ ಸಂದು ಹೆಚ್ಚುಕಮ್ಮಿ ಆದ್ರೆ ಇಡೀ ಕಾರು ನಿಲ್ಲಬಹುದು.

ಸ್ಪಾರ್ಕ್ ಸರಿ ಇದ್ದರೆ ಮೂರನೇ ಪ್ರಶ್ನೆ: ಪೆಟ್ರೋಲ್? ಬಿಚ್ಚಿದ ಪ್ಲಗ್ ಒದ್ದೆ ಇದ್ದರೆ ಬರ್ತಿದೆ, ಅತಿಯಾಗೇ ಬಂದಿರಬಹುದು. ಒಣಗಿದ್ದರೆ ಟ್ಯಾಂಕಿನಿಂದ ಪಂಪ್, ಫಿಲ್ಟರ್, ಕಾರ್ಬುರೇಟರ್‌ವರೆಗೆ ಹುಡುಕಬೇಕು. ಈಗ ಬಂಕಿನಲ್ಲಿ ಸಿಗೋದು 20% ಎಥನಾಲ್ ಬೆರೆಸಿದ ಪೆಟ್ರೋಲ್. ಆ ಕಾಲದ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಅದಕ್ಕಂತ ಮಾಡಿದ್ದಲ್ಲ, ಅವನ್ನೂ ನೋಡಬೇಕು.

ಒಂದೊಂದು ಉತ್ತರಕ್ಕೂ ಅನುಮಾನದ ಪಟ್ಟಿ ಚಿಕ್ಕದಾಗ್ತಾ ಹೋಗುತ್ತೆ, ಗಮನಿಸಿದ್ರಾ? ಬ್ಯಾಟರಿ, ಪ್ಲಗ್, ಕಾಯಿಲ್ ಎಲ್ಲ ಒಟ್ಟಿಗೆ ಬದಲಾಯಿಸಿದರೂ ಕಾರು ಓಡಬಹುದು. ಆದರೆ ಯಾವುದರಿಂದ ಓಡಿತು ಅಂತ ಗೊತ್ತಾಗಲ್ಲ. ನಾಳೆ ಮತ್ತೆ ನಿಂತರೆ ಮತ್ತೆ ಮೊದಲಿಂದ.

‘ಕಾರ್ಬುರೇಟರ್ ಕಾಲ ಮುಗೀತು ಗುರು, ಈಗ ಸ್ಕ್ಯಾನರ್ ಇದೆ’ ಅಂತೀರಾ? ಇದೆ. ಅದು ‘ಪಿ0301’ ಅಂತ ತೋರಿಸಿದರೆ ಮೊದಲನೇ ಸಿಲಿಂಡರಿನಲ್ಲಿ ಮಿಸ್‌ಫೈರ್ ಅಂತ ಅರ್ಥ, ಅಷ್ಟೇ. ಪ್ಲಗ್ಗೋ ಕಾಯಿಲ್ಲೋ ಇಂಜೆಕ್ಟರೋ ಅನ್ನೋದನ್ನ ಮತ್ತೆ ಇದೇ ಕ್ರಮದಲ್ಲಿ ಹುಡುಕಬೇಕು. ಸರ್ಕ್ಯೂಟ್ ಬೋರ್ಡಿಗೂ ಇದೇ, ಕೋಡಿಗೂ ಇದೇ.

ಹಾಗಾಗಿ ಲ್ಯಾಬ್ ಪರೀಕ್ಷೆ ಹೀಗಿರಲಿ: ಮೇಷ್ಟ್ರು ಕಾರಿನಲ್ಲಿ ಒಂದೇ ಒಂದು ಲೋಪ ಮಾಡಿಡಲಿ, ನಮಗೆ ಅರ್ಧ ಗಂಟೆ ಕೊಡಲಿ. ಕಾರು ಸ್ಟಾರ್ಟ್ ಆಯ್ತಾ ಅನ್ನೋದಕ್ಕಲ್ಲ, ಯಾವ ಪ್ರಶ್ನೆಯನ್ನ ಯಾಕೆ ಮೊದಲು ಕೇಳಿದೆವು ಅನ್ನೋದಕ್ಕೆ ಮಾರ್ಕ್ಸ್ ಇರಲಿ. ಪಾಠಕ್ಕೆ ಊರಿನ ಹಳೇ ಮೆಕ್ಯಾನಿಕ್ ಒಬ್ಬರನ್ನ ಕರೆಸಲಿ. ‘ಕರೆಂಟ್ ಬರ್ತಿದ್ಯಾ, ಪೆಟ್ರೋಲ್ ಬರ್ತಿದ್ಯಾ’ ಅಂತ ಅವರು ಕನ್ನಡದಲ್ಲೇ ಕೇಳ್ತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮಗೂ ಅದು ತಕ್ಷಣ ಅರ್ಥ ಆಗುತ್ತೆ.